ಹುಣಸೆ ಬೀಜ, ಜೇನುಮೇಣ, ಕಾರಿನ ತಗಡು: ರಂಜನಿ ಶೆಟ್ಟರ್ ಕೆಲಸವನ್ನು ಕೊಪ್ಪಳದಲ್ಲಿ ಕೂತು ನೋಡಿದರೆ

(ಕೊಪ್ಪಳದಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಬಿಸಿಲು ಜೋರಾಗಿದೆ, ಒಳಗೆ ಫ್ಯಾನು ನಿಧಾನವಾಗಿದೆ. ಹಾಗಾಗಿ ಪೀಠಿಕೆ ಹಾಕದೆ ನೇರ ವಿಷಯಕ್ಕೆ ಬರುತ್ತೇನೆ.

ಇವತ್ತು ಒಬ್ಬ ಕಲಾವಿದೆಯ ಬಗ್ಗೆ ಮಾತಾಡಬೇಕು. ಹೆಸರು ರಂಜನಿ ಶೆಟ್ಟರ್. ಶೆಟ್ಟರ್ ಅಂದ ತಕ್ಷಣ ಹಿಂದಿನ ಸಾಲಿನಲ್ಲಿ ಯಾರೋ 'ನಮ್ಮ ಕಡೆಯವರಾ?' ಅಂದದ್ದು ಕೇಳಿಸಿತು. ಹುಟ್ಟಿದ್ದು 1977ರಲ್ಲಿ, ಬೆಂಗಳೂರಿನಲ್ಲಿ. ಓದಿದ್ದು ಅಲ್ಲೇ, ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ, ಶಿಲ್ಪಕಲೆ. ಅವರ ಕೆಲಸ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ತೂಗಿದೆ, ಮೆಲ್ಬರ್ನ್‌ನಲ್ಲಿ ಪ್ರದರ್ಶನವಾಗಿದೆ, 2023ರಲ್ಲಿ ಲಂಡನ್ನಿನ ಬಾರ್ಬಿಕನ್ ಕೇಂದ್ರದ ಗಾಜಿನ ಸಸ್ಯೋದ್ಯಾನದಲ್ಲಿ ಗಿಡಮರಗಳ ನಡುವೆಯೇ ನೇತಾಡಿದೆ. ದೊಡ್ಡ ಊರುಗಳ ಹೆಸರು ಇಷ್ಟು ಸಾಕು. ಅವರು ಕೈಯಲ್ಲಿ ಏನು ಹಿಡಿದು ಕೆಲಸ ಮಾಡುತ್ತಾರೆ ಅನ್ನೋದು ನಮಗೆ ಮುಖ್ಯ.

ಹಿಡಿಯುವ ವಸ್ತುಗಳನ್ನು ಕೇಳಿ. ಜೇನುಮೇಣ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದ ದಾರ. ಅರಗಿನ ಬಣ್ಣ ಬಳಿದ ಮರದ ಮಣಿ. ಹಳೇ ಕಾರಿನ ತಗಡು. ತೇಗದ ಮರ. ಸ್ಟೇನ್‌ಲೆಸ್ ಸ್ಟೀಲ್ ಕಂಬಿ. ತೆಳು ಹತ್ತಿ ಬಟ್ಟೆ. ಹುಣಸೆ ಬೀಜದ ಅಂಟು. ಇದರ ಜೊತೆ ಕಾಗದದ ಮೇಲೆ ಅಚ್ಚಿನ ಚಿತ್ರಗಳು ಬೇರೆ. ಒಂದೇ ಮನುಷ್ಯ ಇಷ್ಟು ಸಾಮಾನು ಯಾಕೆ ಮುಟ್ಟಬೇಕು? ಸುಮ್ನೆ ಚಪಲವಾ? ನಾನು ಇವತ್ತು ಹೇಳಬೇಕಾದದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಕಲಾವಿದರ ಪರಿಚಯ ಪುಸ್ತಿಕೆಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 'ಪ್ರಕೃತಿಯಿಂದ ಸ್ಫೂರ್ತಿ ಪಡೆದವರು.' ನನಗೆ ಆ ಸಾಲು ಕಂಡರೆ ಆಗುವುದಿಲ್ಲ. ಗೋಡೆ ಕ್ಯಾಲೆಂಡರ್ ಬರೆಯುವವರೂ ಪ್ರಕೃತಿಯಿಂದಲೇ ಸ್ಫೂರ್ತಿ ಪಡೆದವರು. ಪ್ಲಾಸ್ಟಿಕ್ ಗುಲಾಬಿ ಮಾಡುವವರೂ ಅಷ್ಟೇ. ಹೂವಿನಂಥ ಹೂವು ಮಾಡುವುದು ಒಂದು ಕೆಲಸ. ಹೂವು ಹೇಗೆ ಅರಳುತ್ತದೆ, ಹನಿ ಯಾಕೆ ಅಲ್ಲೇ ನಿಲ್ಲುತ್ತದೆ ಅಂತ ನೋಡಿ, ಆ ನಡೆಯನ್ನು ಬೇರೆ ವಸ್ತುವಿನಲ್ಲಿ ಹುಡುಕುವುದು ಬೇರೆಯೇ ಕೆಲಸ. ಶೆಟ್ಟರ್ ಮಾಡುವುದು ಈ ಎರಡನೆಯದನ್ನು ಅಂತ ನನ್ನ ತಿಳಿವಳಿಕೆ.

ಮೊದಲ ಚಿತ್ರ ನೋಡಿ. 2005-06ರ ಕೆಲಸ, ಹೆಸರು 'ಜಸ್ಟ್ ಎ ಬಿಟ್ ಮೋರ್'. ದಾರದ ಬಲೆಗಳು ಒಂದರ ಹಿಂದೆ ಒಂದು ತೂಗಿವೆ. ದಾರದ ಮೇಲೆ ಜೇನುಮೇಣದ ಸಣ್ಣ ಸಣ್ಣ ಮಣಿಗಳು. ಎಲ್ಲವನ್ನೂ ಕೈಯಲ್ಲೇ ಉಂಡೆ ಕಟ್ಟಿದ್ದು. ದೂರದಿಂದ ನೋಡಿದರೆ ಮಂಜು ಕವಿದಂತೆ. ಹತ್ತಿರ ಹೋದರೆ ಒಂದೊಂದು ಮಣಿಯೂ ಬೇರೆ ಬೇರೆ ಗಾತ್ರ.

ಈಗ ಚಳಿಗಾಲದ ಬೆಳಗಿನ ಜಾವ ಹೊಲದ ಬದುವಿನಲ್ಲಿ ಜೇಡರ ಬಲೆ ನೆನೆಸಿಕೊಳ್ಳಿ. ಇಬ್ಬನಿ ದಾರದ ಉದ್ದಕ್ಕೂ ಒಂದೇ ಸಮ ಬಳಿದುಕೊಂಡಿರುತ್ತದಾ? ಇಲ್ಲ. ನೀರು ತನ್ನಷ್ಟಕ್ಕೆ ಒಟ್ಟುಗೂಡಿ ಉಂಡೆಯಾಗುತ್ತದೆ. ಮೇಲ್ಮೈ ಆದಷ್ಟು ಕಡಿಮೆ ಇರಲಿ ಅನ್ನುವುದು ನೀರಿನ ಗುಣ, ಅದಕ್ಕೇ ಹನಿ ದುಂಡಗೆ. ಎರಡು ಎಳೆ ಕೂಡುವ ಕಡೆ ದಾರ ಹೆಚ್ಚು, ಹಿಡಿತ ಹೆಚ್ಚು, ಹನಿಯೂ ದಪ್ಪ. ಮೇಣಕ್ಕೂ ಬಿಸಿಯಾದಾಗ ನೀರಿನದೇ ನಡೆ. ಕರಗಿದರೆ ಹನಿಯುತ್ತದೆ, ಆರಿದರೆ ನಿಲ್ಲುತ್ತದೆ. ಅಂದರೆ ನೀರು ಕ್ಷಣಕಾಲ ಮಾಡುವುದನ್ನು ಮೇಣ ಮಾಡಿ ಹಾಗೇ ಇಟ್ಟುಕೊಳ್ಳುತ್ತದೆ. ಅದೇ ಜಾಗದಲ್ಲಿ ಗಾಜಿನ ಮಣಿ ಪೋಣಿಸಿದ್ದರೆ? ಹೊಳೆಯುತ್ತಿತ್ತು, ಚೆಂದವೂ ಇರುತ್ತಿತ್ತು. ಆದರೆ ಪರದೆ ಅಂಗಡಿಯ ಚೆಂದ. ಮೇಣಕ್ಕೆ ಬೆಳಕು ಒಳಗೆ ಸ್ವಲ್ಪ ದೂರ ಹೋಗಿ ಮಂಕಾಗಿ ವಾಪಸ್ ಬರುತ್ತದೆ.

ಮೇಣ ಅಂದಾಗ ಇನ್ನೊಂದು ಮಾತು. ಅದನ್ನು ಕೆಲಸಗಾರ ಹುಳುಗಳು ತಮ್ಮ ಹೊಟ್ಟೆಯ ಕೆಳಗಿನ ಎಂಟು ಗ್ರಂಥಿಗಳಿಂದ ಚೂರು ಚೂರಾಗಿ ಹೊರಹಾಕುತ್ತವೆ. ಆ ಚೂರುಗಳನ್ನು ಬಾಯಲ್ಲಿ ಅಗಿದು, ಮೆದು ಮಾಡಿ, ಗೂಡಿಗೆ ಹಚ್ಚುತ್ತವೆ. ಆನೆಗುಂದಿ ಕಡೆ ಹೋದವರು ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿದ್ದನ್ನು ನೋಡಿರುತ್ತೀರಿ. ಕಲ್ಲಿನಿಂದ ಇಳಿಬಿಟ್ಟ ಒಂದೇ ಒಂದು ಹಲ್ಲೆ, ಹೊರಗೆ ಪೆಟ್ಟಿಗೆಯಿಲ್ಲ, ಪೊಟರೆಯಿಲ್ಲ. ಇದೂ ತೂಗುವ ಶಿಲ್ಪವೇ. ಕೆಳಗೆ ನಿಂತು ಜಾಸ್ತಿ ಹೊತ್ತು ಮೆಚ್ಚಬೇಡಿ ಅಷ್ಟೇ.

ಎರಡನೆಯ ಚಿತ್ರಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಈ ಊರಿಗೆ ಸಂಬಂಧಪಟ್ಟದ್ದು.

ಇದು 2017ರದ್ದು, 'ಸೆವೆನ್ ಪಾಂಡ್ಸ್ ಅಂಡ್ ಎ ಫ್ಯೂ ರೇನ್‌ಡ್ರಾಪ್ಸ್'. ಏಳು ಕೆರೆ, ಕೆಲವು ಮಳೆಹನಿ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 2018ರಲ್ಲಿ ಪ್ರದರ್ಶನವಾಯಿತು. ಚಾವಣಿಯಿಂದ ತೂಗುವ ಬಾಗು ಬಾಗಾದ ಆಕಾರಗಳು. ಒಳಗೆ ಬಗ್ಗಿಸಿದ ಸ್ಟೇನ್‌ಲೆಸ್ ಸ್ಟೀಲ್, ಮೇಲೆ ಹುಣಸೆಯಲ್ಲಿ ಬಣ್ಣಗೂಡಿಸಿದ ತೆಳು ಮಸ್ಲಿನ್ ಬಟ್ಟೆ. ಬೆಳಕು ಬಿದ್ದಾಗ ಗೋಡೆ ಮೇಲೆ ನೆರಳು ಇನ್ನೊಂದು ಚಿತ್ರ ಬರೆಯುತ್ತದೆ. ಅದಕ್ಕೂ ಸುಮಾರು ಹತ್ತು ವರ್ಷ ಹಿಂದಿನ 'ಸನ್-ಸ್ನೀಜರ್ಸ್ ಬ್ಲೋ ಲೈಟ್ ಬಬಲ್ಸ್' ಅನ್ನುವ ಕೆಲಸದಲ್ಲೂ ಇದೇ ಮೇಳ: ಸ್ಟೀಲು, ಮಸ್ಲಿನ್, ಹುಣಸೆ ಬೀಜದ ಪುಡಿಯ ಅಂಟು, ಮೇಲೆ ಮೆರುಗೆಣ್ಣೆ.

ಈಗ ಇಲ್ಲಿಂದ ಸ್ವಲ್ಪ ದೂರದ ಕಿನ್ನಾಳಕ್ಕೆ ಹೋಗೋಣ. ಅಲ್ಲಿ ಚಿತ್ರಗಾರರ ಮನೆಯಲ್ಲಿ ಗೊಂಬೆ ಮಾಡುವುದನ್ನು ಎಷ್ಟು ಜನ ಕೂತು ಪೂರ್ತಿ ನೋಡಿದ್ದೀರಿ? ಕೈ ಎತ್ತಿದವರು ಕಡಿಮೆ. ಹಗುರ ಮರ ತೆಗೆದುಕೊಂಡು ಕೈ, ಕಾಲು, ತಲೆ ಬೇರೆ ಬೇರೆ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಹುಣಸೆ ಅಂಟಿನ ಜೊತೆ ಕಲಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಕೈಯಿಂದ ಬಳಿಯುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಂಡುಗಳು, ಮತ್ತೆ ಹುಣಸೆ ಅಂಟು. ಅದರ ಮೇಲೆ ಬೆಣಚು ಕಲ್ಲಿನ ಪುಡಿಯ ಲೇಪ. ಒಡವೆಯ ಉಬ್ಬು ಬೇಕಾದ ಕಡೆ ಅದೇ ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ ಎಳೆ ಎಳೆಯಾಗಿ ಬಿಡುತ್ತಾರೆ. ಬಣ್ಣ ಬರುವುದು ಎಲ್ಲಕ್ಕಿಂತ ಕೊನೆಗೆ. ಅಂಗಡಿಯಲ್ಲಿ ನಮಗೆ ಕಾಣುವುದು ಆ ಕೊನೆಯ ಬಣ್ಣ ಮಾತ್ರ.

ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಳಗೊಂದು ಗಟ್ಟಿ ಎಲುಬು. ಅದರ ಮೇಲೆ ಹತ್ತಿ ಬಟ್ಟೆ. ಹಿಡಿದಿಡುವುದು ಹುಣಸೆ ಬೀಜ. ಮೇಲೆ ಮೆರುಗು. ನ್ಯೂಯಾರ್ಕಿನಲ್ಲಿ ತೂಗಿದ ಕೆರೆಗೂ ಕಿನ್ನಾಳದ ಗೌರಿಗೂ ಮೈ ಕಟ್ಟುವ ಕ್ರಮ ಹೆಚ್ಚು ಕಡಿಮೆ ಒಂದೇ. ಒಂದು ಕಡೆ ಮರ, ಇನ್ನೊಂದು ಕಡೆ ಉಕ್ಕು. ಒಂದು ದಪ್ಪ ಲೇಪ ಹೊದ್ದು ಗಟ್ಟಿಯಾಗುತ್ತದೆ, ಇನ್ನೊಂದು ಲೇಪ ತೆಳು ಮಾಡಿಕೊಂಡು ಬೆಳಕು ಹಾಯುವಂತೆ ನಿಲ್ಲುತ್ತದೆ.

ಹುಣಸೆ ಬೀಜವೇ ಯಾಕೆ? ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರಲ್ಲಿ ಕುದಿಸಿದರೆ ಅದು ಲೋಳೆಯಾಗುತ್ತದೆ. ಒಣಗಿದಾಗ ಬಟ್ಟೆಯ ಎಳೆಗಳನ್ನು ಬಿಗಿ ಎಳೆದು ಹಿಡಿಯುತ್ತದೆ, ಬಾಗಿದ ಆಕಾರವನ್ನು ಹಾಗೇ ಉಳಿಸುತ್ತದೆ. ನಮ್ಮ ಕುರುಬರು ಕಂಬಳಿ ನೇಯುವ ಮೊದಲು ಹಾಸಿನ ಉಣ್ಣೆ ಎಳೆಗೆ ಬಳಿಯುವುದೂ ಇದೇ ಹುಣಸೆ ಬೀಜದ ಗಂಜಿ. ಎಳೆ ಬಿರುಸಾಗುತ್ತದೆ, ನೇಯುವಾಗ ತುಂಡಾಗುವುದಿಲ್ಲ. ಹಣ್ಣು ಸಾರಿಗೆ ಹೋಯಿತು, ಬೀಜ ಮಗ್ಗಕ್ಕೂ ಗೊಂಬೆಗೂ ಬಂತು. ಅರ್ಧ ಒಡೆದ ಬೀಜ ಕಲ್ಲಿಗೆ ಉಜ್ಜಿಸಿಕೊಂಡು ಕಟ್ಟೆಮನೆ ಆಟಕ್ಕೂ ಬಂತು. ನಮ್ಮ ಕಡೆ ಹುಣಸೆ ಮರ ಇಲ್ಲದ ಊರು ಸಿಗುವುದು ಕಷ್ಟ. ಹಾಗಿದ್ದೂ ನಮ್ಮ ಕಲಾ ಶಾಲೆಗಳಲ್ಲಿ ಅಂಟು ಅಂದರೆ ಅಂಗಡಿಯ ಫೆವಿಕಾಲ್ ಡಬ್ಬಿ ಮಾತ್ರ.

ಮೂರನೆಯ ಚಿತ್ರ ನೋಡಿದರೆ ಕೆಲವರಿಗೆ ಇದೇನು ಪ್ರಕೃತಿ ಅನ್ನಿಸಬಹುದು. 2006-07ರ ಕೆಲಸ. ಹೆಸರು ಉದ್ದ: 'ಮಿ, ನೋ, ನಾಟ್ ಮಿ, ಬೈ ಮಿ, ಈಟ್ ಮಿ, ವೇರ್ ಮಿ...' ಹೀಗೆ ಹೋಗುತ್ತದೆ. ಹಳೆಯ ಕಾರುಗಳ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಬುಟ್ಟಿಯ ಥರ ಹೆಣೆದ ದೊಡ್ಡ ದೊಡ್ಡ ಆಕಾರಗಳು. ಬಿದಿರಿಗೆ ಬಾಗುವ ಗುಣ ಇದೆ, ತಗಡಿಗೆ ಕೊಯ್ಯುವ ಗುಣ. ಹೆಣೆದವರ ಬೆರಳಿಗೆ ಗೊತ್ತು.

ಇದು ಪ್ರಕೃತಿ ಹೌದೋ ಅಲ್ಲವೋ ಅನ್ನುವ ಚರ್ಚೆ ಬೆಂಗಳೂರಿನಲ್ಲಿ ಆಗಲಿ. ಬಳ್ಳಾರಿ ಕಡೆಯ ನಮಗೆ ಬೇಕಿಲ್ಲ. ಸಂಡೂರಿನ ಗುಡ್ಡದ ಅದಿರು ಲಾರಿ ಹತ್ತಿ, ರೈಲು ಹತ್ತಿ ತೋರಣಗಲ್ಲಿನ ಕುಲುಮೆಗೆ ಹೋಗಿ ಉಕ್ಕಾಗುವುದನ್ನು ನಾವು ದಿನಾ ನೋಡುತ್ತೇವೆ. ದಾರಿ ಬದಿಯ ಎಲೆಗಳು ಕೆಂಪಾಗಿರುವುದನ್ನೂ ನೋಡಿದ್ದೇವೆ. ಕಾರಿನ ಬಾನೆಟ್ಟು ಯಾವ ಗುಡ್ಡದ ಯಾವ ಮಗ್ಗುಲಿಂದ ಬಂತು ಅಂತ ಹೇಳಲು ಆಗದೇ ಇರಬಹುದು, ಗುಡ್ಡದಿಂದಲೇ ಬಂತು ಅನ್ನುವುದಂತೂ ಗೊತ್ತು. ಆ ತಗಡನ್ನು ವಾಪಸ್ ಬುಟ್ಟಿಯಾಗಿ ಹೆಣೆದರೆ ನನಗೆ ಅದು ನಮ್ಮ ಕಡೆಯ ವಿಷಯ ಅನ್ನಿಸುತ್ತದೆ. ಶೆಟ್ಟರ್ ಅದನ್ನು ನಮ್ಮನ್ನು ನೆನೆದು ಮಾಡಿದ್ದಲ್ಲ. ನಾವು ಹಾಗೆ ನೋಡಬಹುದು ಅಷ್ಟೇ.

ಅದೇ ಸುಮಾರಿನ 'ಟಚ್ ಮಿ ನಾಟ್' ಅಂತ ಒಂದಿದೆ. ಅರಗಿನ ಬಣ್ಣದ ಮರದ ಮಣಿಗಳು ಗೋಡೆಯಿಂದ ಹೊರಚಾಚಿ ನಿಂತಿವೆ. ಚನ್ನಪಟ್ಟಣದ ಆಟಿಕೆ ನೋಡಿದವರಿಗೆ ಆ ಹೊಳಪು ಪರಿಚಯ. ಚಿತ್ರ ಹಾಕಿದ್ದೇನೆ, ನೋಡಿಕೊಳ್ಳಿ, ಮುಂದೆ ಹೋಗೋಣ.

ಕಾಗದದ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಗ್ರಂಥಾಲಯ ಮಂಡಳಿ ಅವರಿಂದ 'ವರ್ಷ', ಅಂದರೆ ಮಳೆ, ಅನ್ನುವ ಕಲಾವಿದರ ಪುಸ್ತಕ (ಪುಸ್ತಕವೇ ಒಂದು ಕಲಾಕೃತಿ) ಮಾಡಿಸಿತು. ಬರಹ ಅನಿತಾ ದೇಸಾಯಿ ಅವರದ್ದು, ಅಚ್ಚಿನ ಚಿತ್ರಗಳು ಶೆಟ್ಟರ್ ಅವರದ್ದು. ವಿಷಯ ನಮ್ಮ ಮಳೆಗಾಲ. ಶಿಲ್ಪಿ ಯಾಕೆ ಅಚ್ಚಿಗೆ ಹೋಗಬೇಕು? ಮಳೆ ಒಂದು ವಸ್ತುವಲ್ಲ, ಅದು ಸರದಿ. ರೈತನ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಮಳೆಗಾಲ ಅನ್ನುವ ಒಂದೇ ಕಾಲ ಇಲ್ಲ. ರೋಹಿಣಿ ಮಳೆ ಬೇರೆ, ಮಿರಗ ಬೇರೆ, ಆರಿದ್ರಾ ಬೇರೆ. ಹುಬ್ಬಿ ಮಳೆ, ಉತ್ತರಿ ಮಳೆ ನೋಡಿಕೊಂಡು ಎರೆ ಹೊಲದಲ್ಲಿ ಹಿಂಗಾರಿ ಜೋಳದ ಲೆಕ್ಕ ಹಾಕುತ್ತೇವೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅಂತ ಅಜ್ಜಿ ಹೇಳುತ್ತಿದ್ದಳು ಅಲ್ವಾ? ಒಂದಾದ ಮೇಲೆ ಒಂದು ಬರುವುದನ್ನು ಹೇಳಲು ಪುಟ ತಿರುಗಿಸುವುದು ಸರಿಯಾದ ದಾರಿ. ತೂಗುವ ಶಿಲ್ಪವನ್ನು ಒಂದೇ ನೋಟಕ್ಕೆ ಪೂರ್ತಿ ನೋಡಿಬಿಡಬಹುದು. ಪುಸ್ತಕಕ್ಕೆ ಕಾಯಬೇಕು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ. ಮಾಧ್ಯಮ ಬದಲಾಯಿಸುವುದು ಚಪಲ ಅಲ್ಲ. ನಿಲ್ಲುವ ಹನಿಗೆ ಮೇಣ ಬೇಕು, ಬೆಳಕು ಹಾಯುವ ಬಾಗಿಗೆ ಅಂಟು ಕುಡಿದ ಬಟ್ಟೆ ಬೇಕು, ಸರದಿಗೆ ಪುಟ ಬೇಕು. ನೋಡಿದ್ದು ಯಾವುದನ್ನು ಕೇಳುತ್ತದೋ ಅದು. ಇದಕ್ಕೆ ಪ್ರತಿ ಸಲ ಹೊಸ ಕೆಲಸ ಕಲಿಯಬೇಕು, ಪ್ರತಿ ಸಲ ಕೈ ಮತ್ತೆ ಒಂದನೇ ಕ್ಲಾಸಿಗೆ ಹೋಗಬೇಕು. ನಾವು ಹೆದರುವುದು ಅದಕ್ಕೇ. ಜಲವರ್ಣ ಕೈಗೆ ಹತ್ತಿದವರು ಜೀವಮಾನವಿಡೀ ಜಲವರ್ಣ.

ಹಾಗಂತ ಇದು ಇವತ್ತಿನ ಹೊಸ ಫ್ಯಾಷನ್ನೂ ಅಲ್ಲ. ಬಳ್ಳಾರಿ ಪಕ್ಕ ಸಂಗನಕಲ್ಲು ಹತ್ತಿರದ ಕಪ್ಪಗಲ್ಲು ಗುಡ್ಡಕ್ಕೆ ಹೋಗಿ. ಹೊಸ ಶಿಲಾಯುಗದ ಜನ ಅಲ್ಲಿನ ಕಪ್ಪು ಕಲ್ಲನ್ನು ಒಡೆದು ಕೊಡಲಿ ಮಾಡಿದರು. ಅದೇ ಕಪ್ಪು ಕಲ್ಲಿನ ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ದನಗಳ ಚಿತ್ರ ಮೂಡಿಸಿದರು, ಉದ್ದ ಕೊಂಬಿನ ಎತ್ತುಗಳು. ಅಲ್ಲಿನ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ, ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಒಂದೇ ಕಲ್ಲು ಉಪಕರಣ, ಒಂದೇ ಕಲ್ಲು ಚಿತ್ರ, ಒಂದೇ ಕಲ್ಲು ವಾದ್ಯ. ಆ ಜನರಿಗೆ ಯಾರೂ ಬಹುಮಾಧ್ಯಮ ಕಲಾವಿದರು ಅಂತ ಪ್ರಶಸ್ತಿ ಕೊಡಲಿಲ್ಲ. ಆ ಗುಡ್ಡಕ್ಕೆ ಗಣಿಗಾರಿಕೆಯ ಕಾಟ ತಗುಲಿದ್ದು ಮಾತ್ರ ನಮ್ಮ ಕಾಲದ ಕೊಡುಗೆ.

ಇಷ್ಟು ಹೇಳಿದ ಮೇಲೆ ನಮ್ಮ ಶಾಲೆಗಳ ಪರಿಸರ ದಿನದ ಚಿತ್ರ ಸ್ಪರ್ಧೆ ನೆನೆಯದೆ ಇರುವುದು ಹೇಗೆ? ಎರಡು ಹಸಿರು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ, ಕೆಳಗೆ 'ಹಸಿರೇ ಉಸಿರು'. ಕಿಟಕಿ ಹೊರಗೆ ನಿಂತಿರುವ ಕೊಪ್ಪಳದ ಕಲ್ಲು ಗುಡ್ಡಕ್ಕೆ ಪ್ರವೇಶವೇ ಇಲ್ಲ. ಹುಡುಗರನ್ನು ಬೈಯುವುದಿಲ್ಲ, ಬಹುಮಾನ ಕೊಡುವವರು ನಾವೇ.

ಆ ಗುಡ್ಡ ಎಂಥ ಪಾಠ ಅಂತ ನೋಡಿ. ಈ ಭಾಗದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಂಡೆಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿದಂತೆ ಕಾಣುತ್ತದೆ. ಯಾರೂ ಪೇರಿಸಿಲ್ಲ. ನೆಲದೊಳಗೆ ಇದ್ದಾಗಲೇ ಕಲ್ಲಿನಲ್ಲಿ ಅಡ್ಡ ಉದ್ದ ಬಿರುಕು. ಬಿರುಕಿಗೆ ನೀರು ಇಳಿಯಿತು. ಮೂಲೆಗಳು ಮೊದಲು ಸವೆದವು, ಯಾಕೆಂದರೆ ಮೂಲೆಗೆ ಎಲ್ಲ ಕಡೆಯಿಂದಲೂ ಏಟು. ಚೌಕ ದುಂಡಗಾಯಿತು. ಪುಡಿಯಾದದ್ದು ಕೊಚ್ಚಿಹೋಯಿತು, ಗಟ್ಟಿ ಉಳಿಯಿತು. ಇದನ್ನು ತಿಳಿದು ಗುಡ್ಡ ಬರೆಯುವ ಹುಡುಗಿ ಪೆನ್ಸಿಲಿನಿಂದ ಗೆರೆ ಎಳೆಯುವ ಬದಲು ಇದ್ದಿಲು ಬಳಿದು ರಬ್ಬರಿನಿಂದ ಅಳಿಸುತ್ತಾ ಹೋಗಬಹುದು. ಗುಡ್ಡ ಹುಟ್ಟಿದ್ದೂ ಅಳಿಸಿಯೇ ತಾನೆ.

ನನ್ನ ಮಾತು ಇಲ್ಲಿಗೆ ಸಾಕು. ಪ್ರಶ್ನೆಗಳಿಗೆ ಬರೋಣ.

ಮೊದಲು ಎದ್ದು ನಿಂತವನು ಕಿನ್ನಾಳ ಕಡೆಯ ಹುಡುಗ. 'ಸರ್, ನಮ್ಮ ಅಪ್ಪಾರೂ ಹುಣಸಿ ಬೀಜದ ಅಂಟೇ ಹಚ್ತಾರ್ರಿ. ಅವರಿಗೆ ಯಾರೂ ಕಲಾವಿದ ಅನ್ನಂಗಿಲ್ಲ, ಗೊಂಬಿ ಮಾಡೋರು ಅಂತಾರ. ಯಾಕ್ರಿ?'

ಇದಕ್ಕೆ ನಯವಾದ ಉತ್ತರ ಕೊಡುವುದು ಸುಲಭ, ಎಲ್ಲರೂ ಕಲಾವಿದರೇ ಅಂದುಬಿಡಬಹುದು. ನಾನು ಹಾಗೆ ಅನ್ನಲಿಲ್ಲ. ಕೈಯ ಜ್ಞಾನದಲ್ಲಿ ನಿಮ್ಮ ತಂದೆಯವರು ಯಾರಿಗೂ ಕಡಿಮೆಯಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ಬರೆದವರು ಕಿನ್ನಾಳದ ಚಿತ್ರಗಾರರ ಹಿರಿಯರೇ ಅನ್ನುವ ನಂಬಿಕೆ ಇದೆ. ಆದರೆ ಗೌರಿ ಮಾಡುವವರು ಗೌರಿಯನ್ನು ಬಿಡುವಂತಿಲ್ಲ. ಮೂಗು ಇಲ್ಲಿ, ಕೈ ಇಲ್ಲಿ, ಬಣ್ಣ ಇದು. ಕೊಳ್ಳುವ ಮನೆಯವರು ಕೇಳುವುದು ಅದನ್ನೇ. ಶೆಟ್ಟರ್ ಅವರಿಗೆ ಆಕಾರ ಬಿಡುವ ಸ್ವಾತಂತ್ರ್ಯ ಇದೆ, ಮಾಡಿದ್ದು ಏನೂ ಆಗದೆ ಹೋಗುವ ಅಪಾಯವೂ ಇದೆ. ಅದು ಬೇರೆ ಥರದ ಕೆಲಸ, ಮೇಲು ಕೀಳು ಅಲ್ಲ. ಅನ್ಯಾಯ ಇರುವುದು ಬೆಲೆಯಲ್ಲಿ. ಮ್ಯೂಸಿಯಂನಲ್ಲಿ ಹುಣಸೆ ಅಂಟಿನ ಬಟ್ಟೆ ಮುಟ್ಟಲು ಬಿಡುವುದಿಲ್ಲ, ಮೇಳದ ಮಳಿಗೆಯಲ್ಲಿ ಅದೇ ಅಂಟಿನ ಗಿಳಿಯನ್ನು ತಿರುಗಿಸಿ ಮುರುಗಿಸಿ ಐವತ್ತು ರೂಪಾಯಿ ಕಡಿಮೆ ಮಾಡಿ ಅನ್ನುತ್ತೇವೆ. ಮನೆಯ ಕೆಲಸ ಗೊತ್ತಿದ್ದು, ಕಲಾ ಶಾಲೆಯಲ್ಲೂ ಓದುತ್ತಿರುವ ನಿನ್ನಂಥವನಿಗೆ ಎರಡೂ ಕಡೆಯ ಬಾಗಿಲು ತೆರೆದಿದೆ. ಅಪ್ಪನ ಕೂಡ ಕೂತು ಕಿಟ್ಟ ಕಲಸೋದು ಮೊದಲು ಪೂರ್ತಿ ಕಲಿತುಕೊ ಅಂದೆ. ಅವನು ನಕ್ಕು, 'ಅದು ಬರ್ತದ್ರಿ' ಅಂದ.

ಒಬ್ಬ ಶಿಕ್ಷಕಿ ಕೇಳಿದರು: ಮೇಣದ ಕೆಲಸ ನಮ್ಮೂರ ಬಿಸಿಲಿಗೆ ನಿಲ್ಲುತ್ತದಾ? ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಿ. ನಮ್ಮ ಬೇಸಿಗೆ ಅಷ್ಟಕ್ಕೆ ಹೋಗುವುದಿಲ್ಲ. ಆದರೆ ಅದಕ್ಕಿಂತ ಬಹಳ ಕೆಳಗೇ ಮೆತ್ತಗಾಗಿ ಜೋತು ಬೀಳುತ್ತದೆ. ತಗಡಿನ ಚಾವಣಿಯ ಕ್ಲಾಸ್‌ರೂಮಿನಲ್ಲಿ ಏಪ್ರಿಲ್ ತಿಂಗಳು ಇಡಬೇಡಿ. ಮಕ್ಕಳ ಕೈಯಲ್ಲಿ ಕೆಲಸ ಮಾಡಿಸುವುದಾದರೆ ಡಿಸೆಂಬರಿನಲ್ಲಿ ಮಾಡಿಸಿ, ಮೇಣವನ್ನು ನೇರ ಬೆಂಕಿ ಮೇಲೆ ಕಾಯಿಸದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನದು. 'ಹುಣಸಿ ಅಂಟಿಗೆ ಹುಳ ಬೀಳ್ತದಲ್ರಿ ಸರ್?' ಬೀಳುತ್ತದೆ. ಎರಡು ದಿನಕ್ಕೆ ನಾತ, ಮೂರನೇ ದಿನಕ್ಕೆ ಬೂಷ್ಟು. ಆವತ್ತಿಗೆ ಬೇಕಾದಷ್ಟೇ ಕುದಿಸಿಕೊಳ್ಳಿ. ಪುಸ್ತಕಕ್ಕೆ ರಟ್ಟು ಕಟ್ಟುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಇದಕ್ಕೂ ಹಾಕಬಹುದು. ಆದರೆ ಅದು ವಿಷ. ದೊಡ್ಡವರೇ ಹಾಕಬೇಕು, ಅಡುಗೆ ಪಾತ್ರೆ ಮುಟ್ಟಬಾರದು, ಕೈ ಚೆನ್ನಾಗಿ ತೊಳೆಯಬೇಕು. ಹೈಸ್ಕೂಲ್ ಮಕ್ಕಳ ಅಂಟಿಗೆ ಹಾಕಲೇಬೇಡಿ, ಅವರಿಗೆ ದಿನಾ ಹೊಸದಾಗಿ ಕುದಿಸಿಕೊಟ್ಟರಾಯಿತು.